ಎಲ್ಲರ್‌ಬೆಕ್ ಸಾಹೇಬರ ವಂಶವೂ ನನ್ನ ವರ್ಕ್ ಪಾಸೂ

ಇಪ್ಪತ್ತನಾಲ್ಕು ವರ್ಷ ತುಂಬುವವರೆಗೆ ನನ್ನ ಹೆಸರಿನಲ್ಲಿ ಏನೋ ಕೊರತೆ ಇದೆ ಎಂದು ನನಗೆ ಗೊತ್ತಿರಲಿಲ್ಲ. ಶಾಲೆಯ ಹಾಜರಿ ಪುಸ್ತಕದಲ್ಲಿ ಎ. ಕೆ. ವಸುಮತಿ ಎಂದು ಬರೆದರು, ಎಂ.ಎ. ಪದವಿ ಪತ್ರದಲ್ಲಿಯೂ ಅದನ್ನೇ ಅಚ್ಚು ಹಾಕಿ ಕೊಟ್ಟರು. ಎ ಎಂದರೆ ಅತ್ತಿಹಳ್ಳ, ಕೆ ಎಂದರೆ ಕೃಷ್ಣಮೂರ್ತಿ. ಮೊದಲನೆಯದು ಊರು, ಎರಡನೆಯದು ಅಪ್ಪ. ಊರೂ ಅಪ್ಪನೂ ತಲಾ ಒಂದಕ್ಷರಕ್ಕೆ ಕುಗ್ಗಿ, ಪಕ್ಕದಲ್ಲಿ ಒಂದೊಂದು ಚುಕ್ಕೆ ಇಟ್ಟುಕೊಂಡು, ಯಾರಿಗೂ ಉಪದ್ರವ ಕೊಡದೆ ನನ್ನ ಹೆಸರಿನ ಮುಂದೆ ನಿಂತಿದ್ದರು. ಮೈಸೂರಿನ ನಮ್ಮ ಬೀದಿಯಲ್ಲಿ ಎಲ್ಲರದ್ದೂ ಇದೇ ಏರ್ಪಾಡು. ಯಾರೂ ಯಾರನ್ನೂ 'ನಿಮ್ಮ ಮನೆತನದ ಹೆಸರೇನು' ಎಂದು ಕೇಳುತ್ತಿರಲಿಲ್ಲ. ಕೇಳುವುದಿದ್ದರೆ 'ಯಾವ ಪೈಕಿ' ಎಂದು ಕೇಳುತ್ತಿದ್ದರು. ಅದಕ್ಕೆ ಉತ್ತರ ಹೇಳಲು ಅಮ್ಮನಿಗೆ ಅರ್ಧ ಗಂಟೆ ಬೇಕಾಗುತ್ತಿತ್ತು.

ಸಿಂಗಪುರದ ವರ್ಕ್ ಪಾಸಿನ ಅರ್ಜಿಯಲ್ಲಿ ಅರ್ಧ ಗಂಟೆಯ ಜಾಗ ಇರಲಿಲ್ಲ. 'ಸರ್‌ನೇಮ್' ಎಂದು ಒಂದು ಮನೆ ಇತ್ತು, ಅದನ್ನು ಖಾಲಿ ಬಿಡುವಂತಿರಲಿಲ್ಲ. ಅಪ್ಪನ ಹೆಸರು ಬರೆಯೋಣವೆಂದು ಪೆನ್ನು ಎತ್ತಿದೆ. ಆಗ ಮುಂದಿನ ದಿನಗಳೆಲ್ಲ ಕಣ್ಣ ಮುಂದೆ ಬಂದವು. 'ಕೃಷ್ಣಮೂರ್ತಿ, ಈ ಫೈಲು ಎಲ್ಲಿಟ್ಟೆ?' 'ಕೃಷ್ಣಮೂರ್ತಿ ಇನ್ನೂ ಊಟ ಮುಗಿಸಿಲ್ಲವಾ?' ನಮ್ಮ ಮನೆಯಲ್ಲಿ ಅಪ್ಪನ ಹೆಸರನ್ನು ಅಮ್ಮ ಇವತ್ತಿನವರೆಗೂ ಬಾಯಲ್ಲಿ ಹೇಳಿಲ್ಲ. ರೇಷನ್ ಕಾರ್ಡಿನವನು ಯಜಮಾನರ ಹೆಸರು ಕೇಳಿದಾಗ ಅವಳು ನನ್ನ ಬೆನ್ನು ತಟ್ಟಿ 'ಹೇಳೇ' ಎನ್ನುತ್ತಿದ್ದಳು. ಅಂಥ ಹೆಸರನ್ನು ಊಟದ ಹೊತ್ತಿನಲ್ಲಿ ಯಾರ್‍ಯಾರೋ ಕೂಗುವುದನ್ನು ಕೇಳಿಸಿಕೊಳ್ಳಲಾರೆ ಎನಿಸಿತು. ಊರಾದರೆ ಪರವಾಗಿಲ್ಲ, ಅದು ಬೇಜಾರು ಮಾಡಿಕೊಳ್ಳುವುದಿಲ್ಲ. 'ಅತ್ತಿಹಳ್ಳ' ಎಂದು ದುಂಡಗೆ ಬರೆದೆ. ಆ ಊರನ್ನು ನಾನು ನೋಡಿಲ್ಲ. ಅಪ್ಪನೂ ನೋಡಿಲ್ಲ. ಮುತ್ತಜ್ಜ ಅಲ್ಲಿಂದ ಮೈಸೂರಿಗೆ ಬಂದವರು, ಬಂದ ಮೇಲೆ ತಿರುಗಿ ಹೋದವರಲ್ಲವಂತೆ. ಹೀಗೆ ನಮ್ಮಲ್ಲಿ ಯಾರಿಗೂ ಬೇಡವಾಗಿದ್ದ ಒಂದು ಊರು ಸಮುದ್ರ ದಾಟಿ ಬಂದು ನನ್ನ ಮನೆತನವಾಯಿತು.

ಕೆಲಸ ಇದ್ದದ್ದು ಪಾಯಾ ಲೆಬಾರಿನ ಒಂದು ಸಣ್ಣ ಕಂಪನಿಯಲ್ಲಿ. ವಿಮಾನ ರಿಪೇರಿ ಮಾಡುವವರಿಗೆ ಬೇಕಾದ ಮ್ಯಾನ್ಯುಯಲ್‌ಗಳನ್ನು ಅಲ್ಲಿ ಸಿದ್ಧಪಡಿಸುತ್ತಿದ್ದರು. ಯಾವ ಬೋಲ್ಟು ಯಾವ ಪುಟದಲ್ಲಿದೆ ಎಂದು ಹಿಂದಿನ ಪುಟಗಳಲ್ಲಿ ಅಕಾರಾದಿಯಾಗಿ ಪಟ್ಟಿ ಮಾಡುವುದು ನನ್ನ ಕೆಲಸ. ವಿಮಾನದ ಬಗ್ಗೆ ಏನೂ ಗೊತ್ತಿಲ್ಲದವರೇ ಇದಕ್ಕೆ ಒಳ್ಳೆಯವರು, ಅವರು ಮಧ್ಯದಲ್ಲಿ ಯೋಚನೆ ಮಾಡುತ್ತ ಕೂರುವುದಿಲ್ಲ ಎಂದು ಸಂದರ್ಶನದಲ್ಲಿ ಹೇಳಿದರು. ಹೀಗೆ ಹೇಳಿದವರು ಕಂಪನಿಯ ಮುಖ್ಯಸ್ಥರಾದ ಎಲ್ಲರ್‌ಬೆಕ್ ಸಾಹೇಬರು. ಐವತ್ತು ದಾಟಿದ, ಉದ್ದನೆಯ, ಮೆದು ಮಾತಿನ ಇಂಗ್ಲಿಷ್ ಮನುಷ್ಯ. ಒಂಟಿಯಾಗಿದ್ದರು. ಸಿಟ್ಟು ಬಂದಾಗ ಕನ್ನಡಕ ಒರೆಸುತ್ತಿದ್ದರು, ಅಷ್ಟೇ.

ನಾನು ಪಾಸಿರ್ ರಿಸ್‌ನಲ್ಲಿ ಬಸವನಗುಡಿ ಕಡೆಯ ಸುಮಿತ್ರಾ ಆಂಟಿಯ ಫ್ಲಾಟಿನಲ್ಲಿ ಒಂದು ಕೋಣೆ ಹಿಡಿದಿದ್ದೆ. ಬಾಸ್ ಹೆಸರೇನು ಎಂದು ಅವರು ಮೊದಲ ದಿನವೇ ವಿಚಾರಿಸಿದರು. ಹೇಳಿದೆ.

"ಎಲ್ಲರ ಬೆಕ್ಕಾ? ಪಾಪ, ಯಾರ ಮನೇಲಿ ಹಾಲು ಕುಡಿಯುತ್ತೋ," ಎಂದರು ಆಂಟಿ.

ಅಂದಿನಿಂದ ಆ ಮನೆಯಲ್ಲಿ ಅವರಿಗೆ ಅದೇ ಹೆಸರು. ನಾನು ತಡವಾಗಿ ಬಂದರೆ "ಬೆಕ್ಕು ಇವತ್ತೂ ಲೇಟಾಗಿ ಬಿಡ್ತಾ?" ಎನ್ನುತ್ತಿದ್ದರು. ನಾನು ನಗುತ್ತಿರಲಿಲ್ಲ. ನಕ್ಕು ಅಭ್ಯಾಸವಾದರೆ ಆಫೀಸಿನಲ್ಲಿ ಅವರ ಮುಖ ನೋಡುವುದು ಕಷ್ಟವಾಗುತ್ತದೆ ಎಂದು ಮುಂಜಾಗ್ರತೆ.

ಸಾಹೇಬರಿಗೆ ಒಂದೇ ಒಂದು ಹುಚ್ಚು: ಅವರ ಮನೆತನದ ಹೆಸರು. ಅದು ಇಂಗ್ಲೆಂಡಿನಲ್ಲಿಯೂ ಅಪರೂಪ, ಜರ್ಮನಿಯಲ್ಲಿಯೂ ಅಪರೂಪ, ಬೇರೆಲ್ಲೂ ಇಲ್ಲವೇ ಇಲ್ಲವೆನ್ನಬೇಕು. ಯಾವ ದೇಶದ ಟೆಲಿಫೋನ್ ಡೈರೆಕ್ಟರಿ ಸಿಕ್ಕಿದರೂ ಅವರು ಮೊದಲು ಇ ಅಕ್ಷರ ತೆರೆಯುತ್ತಿದ್ದರು. ಒಬ್ಬ ಎಲ್ಲರ್‌ಬೆಕ್ ಸಿಕ್ಕಿದರೆ ಅವನಿಗೊಂದು ಪತ್ರ, ಉತ್ತರ ಬಂದರೆ ಅವನ ಹೆಸರಿಗೊಂದು ಕಾರ್ಡು. ಆ ಕಾರ್ಡುಗಳು ಬೂಟಿನ ಡಬ್ಬದಲ್ಲಿ ಅಡ್ಡಾದಿಡ್ಡಿಯಾಗಿ ಬಿದ್ದಿದ್ದವು. ನನ್ನ ಅಕ್ಷರ ದುಂಡಗಿರುವುದು ಅವರ ಕಣ್ಣಿಗೆ ಬಿತ್ತು. "ಮಿಸ್ ಅತ್ತಿಹಳ್ಳ, ಊಟದ ಹೊತ್ತಿನಲ್ಲಿ ನಿಮಗೆ ಬೇರೆ ಕೆಲಸವಿಲ್ಲದಿದ್ದರೆ..." ಎಂದು ಮಾತನ್ನು ಅಲ್ಲಿಗೇ ನಿಲ್ಲಿಸಿದರು. ಬೇಡ ಎನ್ನಲು ಬಾರದ ನಾನು ಎಂಟು ತಿಂಗಳು, ಒಂದು ಕೈಯಲ್ಲಿ ಚಪಾತಿ ಸುರುಳಿ ಹಿಡಿದು, ಜಗತ್ತಿನ ಎಲ್ಲರ್‌ಬೆಕ್‌ಗಳನ್ನು ಅಕಾರಾದಿಯಾಗಿ ಜೋಡಿಸಿದೆ. ಯಾರ್ಕ್‌ಶೈರಿನಲ್ಲಿದ್ದವರು, ಅಲ್ಲಿಂದ ಬಟ್ಟೆ ಗಿರಣಿಗಳ ಊರುಗಳಿಗೆ ಇಳಿದವರು, ಆಸ್ಟ್ರೇಲಿಯಕ್ಕೆ ಹಡಗು ಹತ್ತಿದವರು. ಇತ್ತ ಉತ್ತರ ಜರ್ಮನಿಯ ರೈತರು, ಅವರಲ್ಲಿ ಅಮೆರಿಕಕ್ಕೆ ಹೋಗಿ ಮತ್ತೆ ರೈತರೇ ಆದವರು. ನನ್ನ ಸ್ವಂತ ಚಿಕ್ಕಪ್ಪಂದಿರ ಮಕ್ಕಳ ಹೆಸರು ಹೇಳಲು ತಡವರಿಸುವ ನನಗೆ, ಮೆಲ್ಬರ್ನಿನ ಎಲ್ಲರ್‌ಬೆಕ್ ಒಬ್ಬನಿಗೆ ಎರಡು ಮದುವೆ ಎಂಬುದು ಬಾಯಿಪಾಠವಾಯಿತು.

ಹೆಸರಿನ ಅರ್ಥ ಸಾಹೇಬರಿಗೆ ಚೆನ್ನಾಗಿ ಗೊತ್ತಿತ್ತು. ಉತ್ತರ ಇಂಗ್ಲೆಂಡಿನ ಹಳ್ಳಿ ಮಾತಿನಲ್ಲಿ ಎಲ್ಲರ್ ಎಂದರೆ ನೀರಿನ ಬದಿಯಲ್ಲಿ ಬೆಳೆಯುವ ಒಂದು ಜಾತಿಯ ಮರ, ಬೆಕ್ ಎಂದರೆ ಹಳ್ಳ. ಉತ್ತರ ಜರ್ಮನಿಯ ಆಡುಮಾತಿನಲ್ಲೂ ಹೆಚ್ಚುಕಡಿಮೆ ಅವೇ ಪದಗಳು. ಅವರ ಸಿದ್ಧಾಂತ ಇಷ್ಟು: ಹೆಸರು ಇಷ್ಟು ಅಪರೂಪವಾದ್ದರಿಂದ ಮೂಲ ಒಂದೇ ಇರಬೇಕು. ಯಾವುದೋ ಕಾಲದಲ್ಲಿ ಒಬ್ಬ ಎಲ್ಲರ್‌ಬೆಕ್ ಜರ್ಮನಿಯ ದಡದಿಂದ ದೋಣಿಯಲ್ಲಿ ಹೊರಟು ಇಂಗ್ಲೆಂಡಿಗೆ ಬಂದ. ಉಳಿದವರೆಲ್ಲ ಅವನ ಸಂತಾನ. ಡಬ್ಬದ ಮೊದಲ ಕಾರ್ಡಿನಲ್ಲಿ ಅವರು ಹೇಳಿ ಬರೆಸಿದ ವಾಕ್ಯ ನನ್ನದೇ ಕೈಬರಹದಲ್ಲಿತ್ತು: 'ಅಪರೂಪದ ಹೆಸರು ಇಬ್ಬರಿಗಿದ್ದರೆ ಅವರು ಒಂದೇ ಕುಟುಂಬದವರು.' ಅದರ ಕೆಳಗೆ ನಾನು ಅಡಿಗೆರೆ ಬೇರೆ ಎಳೆದಿದ್ದೆ.

ಈ ಸಿದ್ಧಾಂತಕ್ಕೆ ಒಂದು ಜೀವಂತ ಫಲವೂ ಇತ್ತು. ಹ್ಯಾಂಬರ್ಗ್ ಬಳಿಯ ನಿವೃತ್ತ ಶಾಲಾ ಮಾಸ್ತರರೊಬ್ಬರು, ಅವರೂ ಎಲ್ಲರ್‌ಬೆಕ್, ಸಾಹೇಬರ ಪತ್ರಕ್ಕೆ ಉತ್ತರ ಬರೆದವರು ಆಮೇಲೆ ನಿಲ್ಲಿಸಲೇ ಇಲ್ಲ. ಮೊದಲು ಎರಡು ಪುಟ, ಆಮೇಲೆ ಆರು. 'ಪ್ರಿಯ ಸೋದರ' ಎಂದು ಶುರುವಾಗುತ್ತಿದ್ದ ಆ ಪತ್ರಗಳಲ್ಲಿ ಸಾಹೇಬರು ಬೆಳಿಗ್ಗೆ ಏನು ತಿನ್ನಬೇಕು, ಕಿಟಕಿ ಎಷ್ಟು ಹೊತ್ತು ತೆರೆದಿಡಬೇಕು ಎಂಬ ಸಲಹೆಗಳಿರುತ್ತಿದ್ದವು. ಡಿಸೆಂಬರಿನಲ್ಲಿ ಹೆಂಡತಿಯೊಡನೆ ಬಂದು ಪೂರ್ತಿ ಒಂದು ತಿಂಗಳು ಸೋದರನ ಫ್ಲಾಟಿನಲ್ಲಿ ಇರುವುದಾಗಿಯೂ, ಜೊತೆಯಲ್ಲಿ ಅಕಾರ್ಡಿಯನ್ ತರುವುದಾಗಿಯೂ ಕೊನೆಯ ಪತ್ರದಲ್ಲಿತ್ತು. ಅದನ್ನು ಓದಿ ಸಾಹೇಬರು ಬಹಳ ಹೊತ್ತು ಕನ್ನಡಕ ಒರೆಸಿದರು. ಸಂತೋಷ ಹೆಚ್ಚಾಗಿರಬೇಕು ಎಂದುಕೊಂಡೆ.

ಇಷ್ಟರಲ್ಲಿ ನನ್ನ ವರ್ಕ್ ಪಾಸು ನವೀಕರಿಸುವ ಸಮಯ ಬಂತು. ಇನ್ನು ಮೂರು ವಾರವಿದೆ ಎನ್ನುವಾಗ ಆಫೀಸಿನ ಆಡಳಿತ ನೋಡಿಕೊಳ್ಳುವ ಮಿಸೆಸ್ ಗೋ ನನ್ನನ್ನು ಕರೆದರು. ಅವರ ಮೇಜಿನ ಮೇಲೆ ಎರಡು ಕಾಗದ. ಒಂದು ನನ್ನ ಅರ್ಜಿ. ಇನ್ನೊಂದು ಸೆಲೆಟಾರಿನ ವಿಮಾನ ರಿಪೇರಿ ಕಂಪನಿಯದು. ನಾವು ಮಾಡಿದ ಮ್ಯಾನ್ಯುಯಲ್‌ಗಳನ್ನು ಪರೀಕ್ಷಿಸಿ ಸರಿಯಿದೆ ಎಂದು ಸಹಿ ಹಾಕುವವರು ಅವರೇ. ಅಲ್ಲಿಗೆ ಹೊಸದಾಗಿ ಬಂದ ಎಂಜಿನಿಯರರ ಹೆಸರು ಅದರಲ್ಲಿತ್ತು: ಶ್ರೀಧರ ಅತ್ತಿಹಳ್ಳ.

"ಹಸ್‌ಬೆಂಡಾ?" ಎಂದರು ಮಿಸೆಸ್ ಗೋ.

ನಾನು ಆ ಹೆಸರನ್ನು ಆವತ್ತೇ ಮೊದಲು ನೋಡುತ್ತಿರುವುದಾಗಿ ಹೇಳಿದೆ.

"ಬ್ರದರ್?"

ಅಲ್ಲವೆಂದೆ. ಅವರು ಪಕ್ಕದಲ್ಲಿದ್ದ ಸಿಂಗಪುರದ ಟೆಲಿಫೋನ್ ಡೈರೆಕ್ಟರಿ ತೆರೆದು ತೋರಿಸಿದರು. ಟ್ಯಾನ್ ಎಂಬುವರು ಪುಟಗಟ್ಟಲೆ ಇದ್ದರು. ಅತ್ತಿಹಳ್ಳ ಎಂಬುವರು ಒಬ್ಬರೂ ಇರಲಿಲ್ಲ. "ಟ್ಯಾನ್ ಮತ್ತೆ ಟ್ಯಾನ್ ಆಗಿದ್ರೆ ನಾನು ಕೇಳ್ತಾನೇ ಇರ್ಲಿಲ್ಲ ಲಾ. ನೀನು ಮಾಡೋ ಬುಕ್ಕು, ಅವನು ಸೈನ್ ಮಾಡ್ತಾನೆ. ಸಂಬಂಧ ಇದ್ರೆ ನಿನ್ನನ್ನ ಆ ಕೆಲಸದಲ್ಲಿ ಇಟ್ಕೊಳ್ಳೋ ಹಾಗಿಲ್ಲ. ಬೇರೆ ಕೆಲಸ ನಮ್ಮಲ್ಲಿ ಇಲ್ಲ." ಅವರ ಮಾತಿನಲ್ಲಿ ಕೋಪವಿರಲಿಲ್ಲ, ಆ 'ಲಾ' ಸಿಂಗಪುರದವರು ಮಾತಿನ ಕೊನೆಗೆ ಸೇರಿಸುವ ರಾಗ ಅಷ್ಟೇ. ಸಂಬಂಧ ಇದೆಯೋ ಇಲ್ಲವೋ ಎಂದು ಬರೆದುಕೊಡುವ ಒಂದು ಫಾರಂ ಕೊಟ್ಟು ತುಂಬಿಕೊಂಡು ಬಾ ಎಂದರು. ಸಾಹೇಬರು ಅದನ್ನು ಒಪ್ಪಿ ಸಹಿ ಮಾಡಬೇಕು, ಆಮೇಲೆ ಪಾಸು.

ಸಾಹೇಬರ ಹತ್ತಿರ ಹೋದೆ. ಅವರು ಎರಡೂ ಹೆಸರನ್ನು ನೋಡಿದರು. ಬೇಟೆಗಾರನಿಗೆ ಬೇರೆಯವರ ಕಾಡಿನಲ್ಲಿ ಹುಲಿ ಹೆಜ್ಜೆ ಕಂಡಂಥ ಕಳೆ ಅವರ ಮುಖದಲ್ಲಿ. "ಇಷ್ಟು ಅಪರೂಪದ ಹೆಸರು, ಮಿಸ್ ಅತ್ತಿಹಳ್ಳ. ನಿಮಗೆ ನಾನು ಹೇಳಬೇಕಾಗಿಲ್ಲ," ಎಂದು ಬೂಟಿನ ಡಬ್ಬದ ಕಡೆ ಮೆಲ್ಲಗೆ ಕೈ ತೋರಿಸಿದರು. ಮೊದಲ ಕಾರ್ಡು, ನನ್ನ ಕೈಬರಹ, ನನ್ನ ಅಡಿಗೆರೆ. ಅಕಾರಾದಿ ಜೋಡಿಸಿದವಳು ಅದರಲ್ಲೇ ಸಿಕ್ಕಿಬಿದ್ದೆ.

ಈ ಕೆಲಸ ಹೋದರೆ ಏನಾಗುತ್ತಿತ್ತು ಎಂದು ಕೇಳಿದರೆ ದೊಡ್ಡ ಉತ್ತರ ನನ್ನಲ್ಲಿಲ್ಲ. ಮೈಸೂರಿಗೆ ಮರಳುತ್ತಿದ್ದೆ. ಅಲ್ಲಿ ಪ್ರೀತಿಗೆ ಕಡಿಮೆಯಿಲ್ಲ. ಆದರೆ ಏಳು ಜನರ ಆ ಮನೆಯಲ್ಲಿ ನನ್ನದು ಎನ್ನುವುದು ಬೀರುವಿನ ಒಂದು ಅರೆ ಮಾತ್ರ, ಅದಕ್ಕೂ ಬೀಗವಿಲ್ಲ. ನನಗೆ ಬಂದ ಪತ್ರವನ್ನು ನನಗಿಂತ ಮೊದಲು ನಾಲ್ಕು ಜನ ಓದಿರುತ್ತಿದ್ದರು. ಪಾಸಿರ್ ರಿಸ್‌ನ ಕೋಣೆಗೆ ಒಂದು ಕೀಲಿಕೈ ಇತ್ತು. ಅದು ನನ್ನ ಚೀಲದಲ್ಲಿತ್ತು. ಬಾಗಿಲು ಹಾಕಿಕೊಂಡು ಏನೂ ಮಾಡದೆ ಒಂದು ಗಂಟೆ ಕುಳಿತರೆ ಯಾರೂ ಬಂದು 'ಯಾಕೆ, ಮೈ ಹುಷಾರಿಲ್ವಾ' ಎನ್ನುತ್ತಿರಲಿಲ್ಲ. ಆ ಕೀಲಿಕೈಯನ್ನು ಆಂಟಿಗೆ ಹಿಂತಿರುಗಿಸುವ ಮನಸ್ಸು ನನಗಿರಲಿಲ್ಲ.

ಮಾರನೆಯ ದಿನ ಆಫೀಸಿಗೆ ಫೋನು ಬಂತು.

"ನಾನು ಶ್ರೀಧರ ಅಂತ. ಸೆಲೆಟಾರಿಂದ. ನಮ್ಮ ಆಫೀಸಲ್ಲಿ ನಿನ್ನೆಯಿಂದ ಎಲ್ಲರೂ ನನಗೆ ಕಂಗ್ರಾಜುಲೇಷನ್ಸ್ ಹೇಳ್ತಿದಾರೆ. ಮದುವೆ ಆಗಿರೋದು ನಿಮ್ಮ ಜೊತೆ ಅಂತ ಗೊತ್ತಾಯ್ತು. ಹುಡುಗಿಯನ್ನ ಒಂದ್ಸಲ ಮಾತಾಡಿಸೋಣ ಅಂತ ಫೋನ್ ಮಾಡಿದೆ."

ನಾನು ಇದು ಆಫೀಸಿನ ಫೋನು ಎಂದೆ.

"ಸರಿ, ಸೀರಿಯಸ್ಸಾಗೇ ಕೇಳ್ತೀನಿ. ನೀವು ಯಾಕ್ರೀ ಊರಿನ ಹೆಸರು ಹಾಕಿದ್ರಿ?"

ಅಪ್ಪನ ವಿಷಯ ಹೇಳಿದೆ. ಅವರು ಹೇಳಿದರು: "ನಂದೂ ಅದೇ ಕಥೆ. ಅಪ್ಪ ನರಸಿಂಹಯ್ಯ, ಹೈಸ್ಕೂಲ್ ಹೆಡ್‌ಮಾಸ್ಟರ್. ಅವರ ಹೆಸರನ್ನ ಇಲ್ಲಿ ಯಾವನಾದ್ರೂ ಏನೋ ನರಸಿಂಹಯ್ಯ ಅಂದ್ರೆ, ನಾನು ಎದ್ದು ನಿಂತ್ಕೋತಿದ್ನೋ ಏನೋ. ಅದಕ್ಕೇ ಊರಿನ ತಲೆ ಮೇಲೆ ಹಾಕಿದೆ. ಅಂದ್ಹಾಗೆ ನಿಮ್ಮ ಅತ್ತಿಹಳ್ಳ ಯಾವ್ದು?"

"ಹಾಸನ ಜಿಲ್ಲೆ."

"ನಮ್ದು ತುಮಕೂರು ಕಡೆ. ಚಿಕ್ಕನಾಯಕನಹಳ್ಳಿ ಹತ್ರ. ನಾನೇನು ನೋಡಿಲ್ಲ ಬಿಡಿ. ಒಂದು ಅತ್ತಿ ಮರ, ಒಂದು ಹಳ್ಳ ಇರುತ್ತೆ, ಇನ್ನೇನಿರುತ್ತೆ."

ಫೋನು ಇಟ್ಟ ಮೇಲೂ ನಾನು ಅದರ ಮೇಲೆ ಕೈ ಇಟ್ಟುಕೊಂಡೇ ನಿಂತಿದ್ದೆ. ಒಂದು ಮರ, ಒಂದು ಹಳ್ಳ. ಎಂಟು ತಿಂಗಳಿಂದ ನಾನು ಕಾರ್ಡಿನ ಮೇಲೆ ಬರೆಯುತ್ತಿದ್ದುದೂ ಅದೇ. ಹಳ್ಳದ ಪಕ್ಕ ಮರವಿದ್ದರೆ ಜನ ಊರಿಗೆ ಆ ಹೆಸರಿಡುತ್ತಾರೆ. ಊರು ಬಿಟ್ಟವರು ಹೆಸರನ್ನು ಜೊತೆಗೆ ಒಯ್ಯುತ್ತಾರೆ. ಅದಕ್ಕೆ ದೋಣಿ ಬೇಕಾಗಿಲ್ಲ, ಇಬ್ಬರಿಗೂ ಒಬ್ಬನೇ ಮುತ್ತಜ್ಜ ಇರಬೇಕಾಗಿಲ್ಲ. ಸಾಹೇಬರ ದೊಡ್ಡ ಅಟ್ಲಾಸ್ ತೆಗೆದು ಹಿಂದಿನ ಪಟ್ಟಿ ನೋಡಿದೆ. ಆ ಹೆಸರಿನ ಊರು ಯಾರ್ಕ್‌ಶೈರಿನಲ್ಲಿ ಇತ್ತು. ಉತ್ತರ ಜರ್ಮನಿಯಲ್ಲಿಯೂ ಇತ್ತು, ಅದೂ ಒಂದಲ್ಲ.

ಸಂತೋಷ ಅರೆಗಳಿಗೆ ಮಾತ್ರ. ನನ್ನ ಪಾಸು ಉಳಿಯಬೇಕಾದರೆ ಸಾಹೇಬರ ವಂಶವೃಕ್ಷವನ್ನು ನಡುವಿಗೆ ಕಡಿಯಬೇಕು. ಡಿಸೆಂಬರಿನಲ್ಲಿ ಬರಲಿರುವ ಸೋದರನನ್ನು ಪರಕೀಯನನ್ನಾಗಿ ಮಾಡಬೇಕು. ಅವರಿಗೆ ಬೇರೆ ಯಾರೂ ಇರಲಿಲ್ಲ. ಆ ಸಂಜೆ ಆಂಟಿಗೆ ಸೂಕ್ಷ್ಮವಾಗಿ ತಿಳಿಸಿದೆ. ನಾನು ಹೇಳಬಾರದಿತ್ತು, ಆದರೆ ಯಾರಿಗಾದರೂ ಹೇಳಬೇಕಾಗಿತ್ತು.

"ಬೆಕ್ಕಿಗೆ ಬೇಜಾರಾಗುತ್ತೆ ಅಂತ ನೀನು ಫ್ಲೈಟ್ ಹತ್ತಿ ಹೋಗ್ತೀಯಾ? ಹೇಳ್ಬಿಡೇ. ಹುಡುಗ ಹೇಗಿದಾನೆ?"

ಹುಡುಗನನ್ನು ನೋಡಿಲ್ಲ ಎಂದು ಹೇಳಿ ಬಾಗಿಲು ಹಾಕಿಕೊಂಡೆ.

ಅಪ್ಪನಿಗೆ ಫೋನು ಮಾಡಿದೆ. ಅವರು ಎರಡು ಜಿಲ್ಲೆಗಳ ನಕ್ಷೆಯನ್ನು ತೆಳು ಕಾಗದದ ಮೇಲೆ ಕಾಪಿ ಮಾಡಿ, ಎರಡೂ ಅತ್ತಿಹಳ್ಳಕ್ಕೆ ಕೆಂಪು ಚುಕ್ಕೆ ಇಟ್ಟು, ಯಾಕೆ ಎಂದು ಕೇಳದೆ ಅಂಚೆಗೆ ಹಾಕಿದರು. ಅಪ್ಪನ ಈ ಗುಣ ನನಗೂ ಬಂದಿದೆ ಎಂದುಕೊಂಡಿದ್ದೇನೆ. ನಕ್ಷೆ ಬಂದ ಮೇಲೆ ಮೂರು ಪುಟದ ವರದಿ ಬರೆದೆ. ನಮ್ಮ ಕಡೆ ಹೆಸರಿಡುವ ಕ್ರಮ, ಎರಡು ಊರುಗಳ ನಡುವಿನ ದೂರ, ಯಾವ ಹಳ್ಳ ಯಾವ ಕಡೆ ಹರಿಯುತ್ತದೆ, ಎಲ್ಲ. ಕೊನೆಯ ವಾಕ್ಯ ಹೀಗಿತ್ತು: 'ಈ ಎರಡು ಹಳ್ಳಗಳು ಎಲ್ಲಿಯೂ ಒಂದನ್ನೊಂದು ಸೇರುವುದಿಲ್ಲ.' ಅದು ಚೆನ್ನಾಗಿ ಬಂದಿದೆ ಎನಿಸಿತು. ವರದಿಯ ಹಿಂದೆ, ಬೇರೊಂದು ಹಾಳೆಯಲ್ಲಿ, ಅಟ್ಲಾಸಿನ ಪುಟ ಸಂಖ್ಯೆಗಳನ್ನು ಮಾತ್ರ ಬರೆದೆ. ಜರ್ಮನಿ ಎಂಬ ಪದವನ್ನು ಎಲ್ಲಿಯೂ ಬಳಸಲಿಲ್ಲ. ಅಷ್ಟಾದರೂ ಮರ್ಯಾದೆ ಇರಲಿ ಎಂದು.

ಸಾಹೇಬರು ಮೂರು ಪುಟವನ್ನೂ ಓದಿದರು. ಎದ್ದು ಹೋಗಿ ಅಟ್ಲಾಸ್ ತಂದು ಮೊದಲನೆಯ ಪುಟ ತೆರೆದರು, ಎರಡನೆಯದು ತೆರೆದರು. ಕನ್ನಡಕ ತೆಗೆದರು. ಒರೆಸಲಿಲ್ಲ, ಕೈಯಲ್ಲಿ ಹಿಡಿದುಕೊಂಡರು. ನಾನು ನೆಲ ನೋಡುತ್ತ ನಿಂತಿದ್ದೆ.

"ಹಾಗಾದರೆ," ಎಂದರು ನಿಧಾನವಾಗಿ, "ಹ್ಯಾಂಬರ್ಗಿನವರಿಗೂ ನನಗೂ..."

"ಸಂಬಂಧ ಇರಲೇಬೇಕು ಎಂದೇನಿಲ್ಲ, ಸರ್."

"ಇಲ್ಲದೆಯೂ ಇರಬಹುದು."

"ಇಲ್ಲದಿರುವ ಸಾಧ್ಯತೆಯೇ ಹೆಚ್ಚು, ಸರ್. ಕ್ಷಮಿಸಿ."

"ಮಿಸ್ ಅತ್ತಿಹಳ್ಳ," ಎಂದರು. ಅವರ ಭುಜಗಳು ಎಂಟು ತಿಂಗಳಲ್ಲಿ ಮೊದಲ ಸಲ ಕೆಳಗಿಳಿದು ತಮ್ಮ ಜಾಗದಲ್ಲಿ ಕುಳಿತವು. "ಅಂದರೆ, ಡಿಸೆಂಬರಿನಲ್ಲಿ ಅವರು ಹೋಟೆಲಿನಲ್ಲಿ ಉಳಿದುಕೊಂಡರೆ ಅದರಲ್ಲಿ ಅನುಚಿತವೇನೂ ಇಲ್ಲ ಅಲ್ಲವೇ?"

ಏನೂ ಇಲ್ಲ ಎಂದೆ. ಅವರು ನನ್ನ ಫಾರಂ ಮೇಲೆ ಎಷ್ಟು ಉತ್ಸಾಹದಿಂದ ಸಹಿ ಮಾಡಿದರೆಂದರೆ ನಿಬ್ಬು ಕಾಗದವನ್ನು ಒಂದು ಕಡೆ ಹರಿಯಿತು. ಆ ಮಧ್ಯಾಹ್ನವೇ ಹ್ಯಾಂಬರ್ಗಿಗೆ ಪತ್ರ ಬರೆಸಿದರು. ಮೊದಲಿನಂತೆ 'ಪ್ರಿಯ ಸೋದರ' ಎಂದಲ್ಲ, 'ಮಾನ್ಯರೆ' ಎಂದು. ಡಬ್ಬದ ಮೊದಲ ಕಾರ್ಡನ್ನು ತೆಗೆದು ನನ್ನ ಕೈಗೇ ಕೊಟ್ಟರು. ನನಗೂ ಅವರಿಗೂ ಆ ದಿನ ಊಟ ರುಚಿಸಿತು. ಇಷ್ಟು ಹಗುರವಾದ ಮನುಷ್ಯರು ಆ ಆಫೀಸಿನಲ್ಲಿ ಇನ್ನಿಬ್ಬರು ಇರಲಿಲ್ಲ.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಪಾಸು ಕೈಗೆ ಬಂದ ಎರಡು ವಾರಕ್ಕೆ ಅಮ್ಮನ ಪತ್ರ ಬಂತು. ಸುಮಿತ್ರಾ ಆಂಟಿ ಫೋನಿನಲ್ಲಿ ಎಲ್ಲವನ್ನೂ ವರದಿ ಮಾಡಿದ್ದರು. ಅವರ ವರದಿ ನನ್ನದಕ್ಕಿಂತ ಉದ್ದವಿದ್ದಿರಬೇಕು. ಅಮ್ಮ ಬರೆದಿದ್ದಳು: 'ಶ್ರೀಧರ ಅಂದರೆ ಹೆಡ್‌ಮಾಸ್ಟರ್ ನರಸಿಂಹಯ್ಯನವರ ಮಗನೇ ತಾನೆ? ನಮ್ಮಮ್ಮನ ತಂಗಿ ಸುಬ್ಬಮ್ಮನ ಮಗ ಕಣೇ ಆ ನರಸಿಂಹಯ್ಯ. ನನಗೆ ಅಣ್ಣನಾಗಬೇಕು. ನನ್ನ ಮದುವೆಯಲ್ಲಿ ಬಡಿಸಿದ್ದು ಅವನೇ. ಅಂದಮೇಲೆ ಈ ಹುಡುಗ ನಿನಗೆ ಮಾವನ ಮಗ. ವಾವೆ ಸರಿಯಾಗಿದೆ, ಮದುವೆಗೆ ಅಡ್ಡಿಯಿಲ್ಲ. ಗೋತ್ರವೂ ಬೇರೆ, ಕೇಳಿ ಆಯಿತು. ನೀನೇನು ಯೋಚನೆ ಮಾಡಬೇಡ.'

ಆ ಕೊನೆಯ ವಾಕ್ಯ ಓದಿದ ಮೇಲೆ ಯೋಚನೆ ಶುರುವಾಯಿತು. ಮುತ್ತಜ್ಜರನ್ನೂ ಹಳ್ಳಗಳನ್ನೂ ನಕ್ಷೆಗಳನ್ನೂ ನೋಡಿದ ನಾನು ಅಜ್ಜಿಯ ಕಡೆ ತಿರುಗಿಯೂ ನೋಡಿರಲಿಲ್ಲ. ಸಾಹೇಬರ ಡಬ್ಬದಲ್ಲೂ ಹೆಂಗಸರ ಕಾರ್ಡುಗಳಿರಲಿಲ್ಲ, ಮದುವೆಯಾದೊಡನೆ ಅವರ ಹೆಸರು ಬದಲಾಗಿ ಅವರು ಕಳೆದುಹೋಗುತ್ತಿದ್ದರು. ಸಂಬಂಧ ಇಲ್ಲವೆಂದು ಸಹಿ ಮಾಡಿಕೊಟ್ಟದ್ದು ಸುಳ್ಳಾಯಿತು. ಬೆಳಿಗ್ಗೆ ಎಂ.ಆರ್.ಟಿ. ರೈಲಿನಲ್ಲಿ ಕೂರಲೂ ಮನಸ್ಸಾಗದೆ ನಿಂತೇ ಹೋದೆ. ಮಿಸೆಸ್ ಗೋ ಮುಂದೆ ನಿಂತು ತಪ್ಪೊಪ್ಪಿಕೊಂಡೆ: ಅವರು ನನ್ನ ತಾಯಿಯ ತಾಯಿಯ ತಂಗಿಯ ಮಗನ ಮಗ.

ಮಿಸೆಸ್ ಗೋ ಬೆರಳಲ್ಲಿ ಎಣಿಸಲು ಹೋಗಿ ಮೂರನೆಯ ಬೆರಳಿಗೆ ಕೈಬಿಟ್ಟರು. ಫೈಲಿನಿಂದ ಫಾರಂ ತೆಗೆದು ಹಿಂದುಮುಂದು ಮಾಡಿ ನನ್ನ ಮುಂದೆ ಇಟ್ಟರು. ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಸಂಬಂಧಿ ಎಂದರೆ ಯಾರು ಎಂಬುದರ ಪಟ್ಟಿಯಿತ್ತು: ಗಂಡ ಅಥವಾ ಹೆಂಡತಿ, ತಂದೆತಾಯಿ, ಮಕ್ಕಳು, ಒಡಹುಟ್ಟಿದವರು. ಅಷ್ಟೇ.

"ಗ್ರ್ಯಾನಿ ಸಿಸ್ಟರ್ ಎಲ್ಲ ಇದ್ರಲ್ಲಿ ಬರಲ್ಲ ಲಾ. ಒಂದು ಟಿಕ್ ಹಾಕಿದ್ರೆ ಸಾಕಿತ್ತು. ನೀನು ಯಾಕೆ ಮ್ಯಾಪ್ ಎಲ್ಲ ತಂದೆ? ನಾನು ಅದೇನು ಅಂತ ಇನ್ನೂ ಯೋಚ್ನೆ ಮಾಡ್ತಾ ಇದೀನಿ."

ವಿಮಾನದ ಪ್ರತಿ ಬೋಲ್ಟನ್ನೂ ಹಿಂದಿನ ಪುಟದಲ್ಲಿ ಹುಡುಕಿ ಎಂದು ಜಗತ್ತಿಗೆ ಹೇಳುವವಳು ನಾನು. ನನ್ನ ಫಾರಂನ ಹಿಂದಿನ ಪುಟವನ್ನು ತಿರುಗಿಸಿ ನೋಡಿರಲಿಲ್ಲ. ನಾಚಿಕೆಯಾದರೂ ಮನಸ್ಸು ಹಗುರವಾಯಿತು. ಹೊರಟೆ.

"ಮದುವೆ ಆದ್ರೆ ಮಾತ್ರ ಬಂದು ಹೇಳು, ಆಯ್ತಾ?" ಎಂದರು ಹಿಂದಿನಿಂದ. ಅಂಥ ಸಂದರ್ಭ ಬರುವುದಿಲ್ಲ ಎಂದೆ. ಬಂದರೆ ಮತ್ತೆ ಇಲ್ಲಿಗೆ ಓಡಾಡುವುದು ಬೇಡ ಎಂದು ಒಂದು ಖಾಲಿ ಫಾರಂ ಕೈಗೆ ಕೊಟ್ಟರು.

ನನ್ನ ಖಾಸಗಿ ವಿಷಯಗಳನ್ನು ಬರೆಯುವ ಅಭ್ಯಾಸ ನನಗಿಲ್ಲ. ಆದ್ದರಿಂದ ಆ ಫಾರಂ ಏನಾಯಿತು, ಈಗ ನನ್ನ ಕೆಲಸ ಬೇರೆ ಕಂಪನಿಯಲ್ಲಿ ಏಕೆ ಇದೆ, ಕೀಲಿಕೈ ಈಗ ಎರಡು ಏಕೆ ಇವೆ ಎಂಬುದನ್ನು ಇಲ್ಲಿ ವಿವರಿಸುವುದಿಲ್ಲ. ಹೆಸರು ಬದಲಾಯಿಸುವ ಅರ್ಜಿಯನ್ನು ಮಾತ್ರ ನಾನು ಎಲ್ಲಿಯೂ ತುಂಬಬೇಕಾಗಿ ಬರಲಿಲ್ಲ. ಆ ಮೂರು ಪುಟದ ವರದಿಯ ಒಂದು ಪ್ರತಿ ನನ್ನಲ್ಲಿದೆ. ಮ್ಯಾನ್ಯುಯಲ್‌ನಲ್ಲಿ ತಪ್ಪು ಕಂಡರೆ ಹಾಳೆ ಹರಿಯಬಾರದು, ತಿದ್ದುಪಡಿ ಚೀಟಿ ಅಂಟಿಸಬೇಕು ಎಂಬುದು ನಮ್ಮ ಕಸುಬಿನ ನಿಯಮ. ಎರಡು ಹಳ್ಳಗಳು ಎಲ್ಲಿಯೂ ಸೇರುವುದಿಲ್ಲ ಎಂದಿದ್ದ ಕೊನೆಯ ವಾಕ್ಯದ ಮೇಲೆ ಒಂದು ಸಣ್ಣ ಚೀಟಿ ಅಂಟಿಸಿಟ್ಟಿದ್ದೇನೆ.